ಕಾರಿನ ಗೇರ್‌ಬಾಕ್ಸ್ ಮನೆಯಲ್ಲೇ ಬದಲಿಸಬಹುದೇ? ಇಳಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಹಳೆಯ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಾಗ ಮಾಲೀಕರ ಮುಂದೆ ಮೂರು ದಾರಿಗಳಿರುತ್ತವೆ. ಸರ್ವಿಸ್ ಸೆಂಟರ್‌ಗೆ ಒಯ್ದು ಅವರು ಹೇಳಿದಷ್ಟು ಹಣ ಕೊಡುವುದು, ಪರಿಚಯದ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸುವುದು, ಇಲ್ಲವೇ ಬೇರೆ ಗೇರ್‌ಬಾಕ್ಸ್ ತಂದು ತಾವೇ ಕೂರಿಸುವುದು. ಹತ್ತು ಹನ್ನೆರಡು ವರ್ಷ ಓಡಿದ ಸಣ್ಣ ಕಾರುಗಳಲ್ಲಿ ರಿಪೇರಿ ಖರ್ಚು ಕೆಲವೊಮ್ಮೆ ಕಾರಿನ ಮಾರಾಟ ಬೆಲೆಯ ಹತ್ತಿರ ಹೋಗುವುದರಿಂದ ಮೂರನೆಯ ದಾರಿಯ ಬಗ್ಗೆ ಹಲವರು ಯೋಚಿಸುತ್ತಾರೆ.

ಮ್ಯಾನುಯಲ್ ಗೇರ್‌ಬಾಕ್ಸ್ ಇರುವ ಸಣ್ಣ ಕಾರಿನಲ್ಲಿ ಈ ಕೆಲಸ ಅಸಾಧ್ಯವೇನಲ್ಲ. ಬ್ರೇಕ್, ಸಸ್ಪೆನ್ಷನ್ ಕೆಲಸ ಮಾಡಿ ಕೈ ಪಳಗಿದವರು ಸರಿಯಾದ ಜಾಗ, ಸಲಕರಣೆ ಮತ್ತು ಒಬ್ಬ ಜೊತೆಗಾರನಿದ್ದರೆ ಎರಡು ದಿನಗಳಲ್ಲಿ ಮುಗಿಸಬಹುದು. ಆದರೆ ಇದು ಕಾರಿನ ಕೆಳಗೆ ಮಲಗಿ ಮಾಡುವ ಕೆಲಸ. ಇಲ್ಲಿ ಆಗುವ ತಪ್ಪಿಗೆ ಹಣವಷ್ಟೇ ಅಲ್ಲ, ಜೀವವೂ ಬೆಲೆಯಾಗಬಹುದು.

ನಿಜವಾಗಿಯೂ ಗೇರ್‌ಬಾಕ್ಸೇ ಕೆಟ್ಟಿದೆಯೇ?

ಗೇರ್ ಬೀಳುತ್ತಿಲ್ಲ ಎಂದ ಮಾತ್ರಕ್ಕೆ ಗೇರ್‌ಬಾಕ್ಸ್ ಹೋಗಿದೆ ಎಂದು ಅರ್ಥವಲ್ಲ. ಇಡೀ ಗೇರ್‌ಬಾಕ್ಸ್ ಬದಲಿಸಿದ ಮೇಲೂ ಅದೇ ತೊಂದರೆ ಮುಂದುವರಿದು, ಕೊನೆಗೆ ಕ್ಲಚ್ ಕೇಬಲ್ ದೋಷವೆಂದು ತಿಳಿದುಬಂದರೆ ಅಷ್ಟೂ ಖರ್ಚು ವ್ಯರ್ಥ. ಆದ್ದರಿಂದ ಮೊದಲು ಈ ಲಕ್ಷಣಗಳನ್ನು ಗಮನಿಸಬೇಕು.

* ಎಂಜಿನ್ ಆಫ್ ಇದ್ದಾಗ ಎಲ್ಲ ಗೇರ್‌ಗಳೂ ಸಲೀಸಾಗಿ ಬಿದ್ದು, ಆನ್ ಇದ್ದಾಗ ಮಾತ್ರ ಬೀಳದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಕೇಬಲ್ ಹೊಂದಿಸುವುದರಿಂದಲೇ ಸರಿಹೋಗಬಹುದು.
* ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿದರೂ ವೇಗ ಏರದೆ, ಸುಟ್ಟ ವಾಸನೆ ಬಂದರೆ ಸವೆದಿರುವುದು ಕ್ಲಚ್ ಪ್ಲೇಟ್.
* ನ್ಯೂಟ್ರಲ್‌ನಲ್ಲಿ ಬರುವ ಗುಂಯ್ ಸದ್ದು ಕ್ಲಚ್ ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ದೋಷ ಸಾಮಾನ್ಯವಾಗಿ ಕ್ಲಚ್ ರಿಲೀಸ್ ಬೇರಿಂಗ್‌ನದು.
* ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಟಕ್ ಟಕ್ ಎಂದರೆ ಅದು ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಮೆಕ್ಯಾನಿಕ್‌ಗಳು ಇದನ್ನು ಆಕ್ಸಲ್ ಸದ್ದು ಎನ್ನುತ್ತಾರೆ.
* ಒಂದೇ ಒಂದು ಗೇರ್‌ಗೆ ಹಾಕುವಾಗ ಕರಕರ ಸದ್ದು ಬಂದರೆ ಆ ಗೇರಿನ ಸಿಂಕ್ರೊನೈಸರ್ ರಿಂಗ್ ಸವೆದಿರಬಹುದು. ಹಲವು ಕಾರುಗಳ ರಿವರ್ಸ್ ಗೇರಿಗೆ ಸಿಂಕ್ರೊನೈಸರ್ ಇರುವುದಿಲ್ಲ. ಹಾಗಾಗಿ ರಿವರ್ಸ್‌ನಲ್ಲಿ ಒಮ್ಮೊಮ್ಮೆ ಬರುವ ಕರಕರ ಸದ್ದಿಗೆ ಗಾಬರಿ ಬೇಡ.
* ಓಡುತ್ತಿರುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ ಮೊದಲು ಎಂಜಿನ್ ಮೌಂಟಿಂಗ್ ಮತ್ತು ಗೇರ್ ರಾಡ್‌ನ ಬುಷ್‌ಗಳನ್ನು ನೋಡಬೇಕು. ಅವು ಸರಿಯಿದ್ದರೆ ದೋಷ ಒಳಗಿದೆ.

ಮುಂಬೈ, ಚೆನ್ನೈಯಂಥ ನಗರಗಳಲ್ಲಿ ಮಳೆಗಾಲದಲ್ಲಿ ನೀರಿನಲ್ಲಿ ನಿಂತ ಕಾರುಗಳಿಗೆ ಇನ್ನೊಂದು ಪರೀಕ್ಷೆ ಬೇಕು. ಗೇರ್‌ಬಾಕ್ಸಿನ ಗಾಳಿ ಕಿಂಡಿಯಿಂದ ನೀರು ಒಳಹೋದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕೂಡಲೇ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಉಳಿಯುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ಹಾಗೇ ಓಡಿಸಿದರೆ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ.

ಯಾವ ಕಾರುಗಳಲ್ಲಿ ಕೈ ಹಾಕಬಹುದು, ಯಾವುದರಲ್ಲಿ ಬೇಡ?

ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಹಿಂದಿನ ಚಕ್ರಗಳಿಂದ ಓಡುತ್ತಿದ್ದ ಕಾರುಗಳು. ಅವುಗಳಲ್ಲಿ ಗೇರ್‌ಬಾಕ್ಸ್ ಎಂಜಿನ್ ಹಿಂದೆ ಇದ್ದು, ಉದ್ದದ ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಆಕ್ಸಲ್‌ಗೆ ಶಕ್ತಿ ಹೋಗುತ್ತಿತ್ತು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಮಾರುತಿ 800 ಮುಂಚಕ್ರ ಚಾಲನೆಯನ್ನು ಭಾರತದ ಮಧ್ಯಮ ವರ್ಗದ ಮನೆಗಳಿಗೆ ತಂದಿತು. ಇದರಲ್ಲಿ ಎಂಜಿನ್ ಅಡ್ಡಲಾಗಿ ಕೂತಿದ್ದು, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಲ್ಲಿವೆ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊ, ಇಂಡಿಕಾ ಸೇರಿದಂತೆ ನಂತರದ ಬಹುತೇಕ ಸಣ್ಣ ಕಾರುಗಳದ್ದೂ ಇದೇ ವಿನ್ಯಾಸ. ಮುಂದೆ ಹೇಳುವ ಕ್ರಮ ಇಂಥ ಮ್ಯಾನುಯಲ್ ಕಾರುಗಳಿಗೆ ಅನ್ವಯಿಸುತ್ತದೆ.

ಆಟೊಮ್ಯಾಟಿಕ್ ಕಾರುಗಳನ್ನು ಮನೆಯಲ್ಲಿ ಬಿಚ್ಚದಿರುವುದೇ ಕ್ಷೇಮ. ಟಾರ್ಕ್ ಕನ್ವರ್ಟರ್, ಸಿವಿಟಿ ಮತ್ತು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್‌ಗಳು ಹೆಚ್ಚು ಭಾರ. ಅವುಗಳ ಫ್ಲೂಯಿಡ್ ಮಟ್ಟವನ್ನು ನಿಗದಿತ ಉಷ್ಣತೆಯಲ್ಲಿ ನೋಡಬೇಕಾಗುತ್ತದೆ ಮತ್ತು ಕಂಟ್ರೋಲ್ ಯೂನಿಟ್‌ಗೆ ಹೊಸ ಗೇರ್‌ಬಾಕ್ಸನ್ನು ಪರಿಚಯಿಸಬೇಕಾಗುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಭಾರತದಲ್ಲಿ ಜನಪ್ರಿಯವಾದ ಎಎಂಟಿ ಒಳಗೆ ಮ್ಯಾನುಯಲ್ ಗೇರ್‌ಬಾಕ್ಸೇ ಆದರೂ, ಕ್ಲಚ್ ಮತ್ತು ಗೇರ್ ಬದಲಿಸುವ ಯಂತ್ರಕ್ಕೆ ಸ್ಕ್ಯಾನ್ ಟೂಲ್‌ನಿಂದ ಮರುಹೊಂದಾಣಿಕೆ ಬೇಕು. ವಾರಂಟಿ ಇನ್ನೂ ಇರುವ ಕಾರನ್ನಂತೂ ಮುಟ್ಟಲೇಬಾರದು.

ಬದಲಿ ಗೇರ್‌ಬಾಕ್ಸ್ ಎಲ್ಲಿಂದ?

ಕಂಪನಿಯ ಹೊಸ ಗೇರ್‌ಬಾಕ್ಸ್ ದುಬಾರಿ. ಹಳೆಯ ಮಾದರಿಗಳಿಗೆ ಸಿಗುವುದೂ ಕಷ್ಟ. ಬೇರಿಂಗ್, ಸಿಂಕ್ರೊನೈಸರ್, ಸೀಲ್‌ಗಳನ್ನು ಬದಲಿಸಿ ಮರುಜೋಡಿಸಿದ ಗೇರ್‌ಬಾಕ್ಸ್ ನಡುವಿನ ದಾರಿ. ಮೂರನೆಯದು ಗುಜರಿ ಕಾರಿನಿಂದ ತೆಗೆದ ಸೆಕೆಂಡ್ ಹ್ಯಾಂಡ್ ಗೇರ್‌ಬಾಕ್ಸ್. ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಮುಂಬೈನ ಕುರ್ಲಾ ಇಂಥ ಬಿಡಿಭಾಗಗಳಿಗೆ ಹೆಸರಾದ ಮಾರುಕಟ್ಟೆಗಳು. ಹೊಸ ಸೀಲ್, ಬೇರಿಂಗ್, ಕ್ಲಚ್ ಸೆಟ್‌ಗಳಿಗೆ ದೆಹಲಿಯ ಕಾಶ್ಮೀರಿ ಗೇಟ್, ಬೆಂಗಳೂರಿನ ಜೆ.ಸಿ. ರಸ್ತೆ ಪ್ರಸಿದ್ಧ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕೈಯಲ್ಲಿ ಇನ್‌ಪುಟ್ ಶಾಫ್ಟ್ ತಿರುಗಿಸಿ, ಪ್ರತಿ ಗೇರನ್ನೂ ಹಾಕಿ ನೋಡಬೇಕು. ಶಾಫ್ಟ್ ಅತ್ತಿತ್ತ ಅಲ್ಲಾಡಿದರೆ ಬೇರಿಂಗ್ ಸವೆದಿದೆ. ಮೌಂಟಿಂಗ್ ಕಿವಿಗಳಲ್ಲಿ ಬಿರುಕು, ವೆಲ್ಡಿಂಗ್ ಗುರುತು ಇದ್ದರೆ ಬೇಡ. ಡ್ರೈನ್ ಪ್ಲಗ್ ಬಿಚ್ಚಿಸಿ ಒಳಗಿನ ಆಯಿಲ್ ನೋಡಬೇಕು. ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಮಸಿ ಇರುವುದು ಸಹಜ. ಚೂರುಗಳು ಸಿಕ್ಕರೆ ಒಳಗಿನ ಹಲ್ಲು ಮುರಿದಿದೆ.

ಒಂದೇ ಹೆಸರಿನ ಕಾರಾದರೂ ವರ್ಷದಿಂದ ವರ್ಷಕ್ಕೆ ಗೇರ್‌ಬಾಕ್ಸ್ ಬೇರೆಯಾಗಿರಬಹುದು. ಮಾರುತಿ 800ರಲ್ಲೇ 4 ಗೇರ್ ಮತ್ತು 5 ಗೇರ್ ಮಾದರಿಗಳಿದ್ದವು. ಹಾಗಾಗಿ ಶಾಫ್ಟಿನ ಹಲ್ಲುಗಳ ಎಣಿಕೆ, ಮೌಂಟಿಂಗ್ ಜಾಗ, ಸ್ಪೀಡೊಮೀಟರ್ ಕೇಬಲ್ಲೋ ಸೆನ್ಸರೋ ಎಂಬುದು, ರಿವರ್ಸ್ ಲೈಟ್ ಸ್ವಿಚ್ ಎಲ್ಲವನ್ನೂ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸುವವರೆಗೆ ವ್ಯಾಪಾರ ಮುಗಿಯಿತು ಎನ್ನಬಾರದು. ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುವ ಮಾತನ್ನು ಬಿಲ್‌ನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಬಿಲ್ ಇನ್ನೊಂದು ಕಾರಣಕ್ಕೂ ಮುಖ್ಯ. ಕದ್ದ ಕಾರುಗಳ ಭಾಗಗಳೂ ಗುಜರಿ ಮಾರುಕಟ್ಟೆ ಸೇರುತ್ತವೆ. ಕದ್ದ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 317ರಡಿ ಅಪರಾಧ. ಆರ್‌ಸಿಯಲ್ಲಿ ಎಂಜಿನ್ ಮತ್ತು ಚಾಸಿಸ್ ನಂಬರ್ ದಾಖಲಾಗಿರುತ್ತವೆ. ಎಂಜಿನ್ ಬದಲಿಸಿದರೆ ಆರ್‌ಟಿಒಗೆ ತಿಳಿಸಲೇಬೇಕು. ಅದೇ ಮಾದರಿಯ ಗೇರ್‌ಬಾಕ್ಸ್ ಕೂರಿಸುವುದು ಸಾಮಾನ್ಯ ರಿಪೇರಿಯಷ್ಟೇ.

ಖರ್ಚು ಮಾಡುವ ಮುನ್ನ ಆರ್‌ಸಿ ನೋಡಿ

ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ 5 ವರ್ಷಗಳಿಗೆ ನವೀಕರಿಸಬೇಕು. ಅವಧಿ ಮುಗಿಯಲು ಕೆಲವೇ ತಿಂಗಳಿದ್ದರೆ ಗೇರ್‌ಬಾಕ್ಸ್ ಖರ್ಚಿನ ಜೊತೆ ನವೀಕರಣದ ಶುಲ್ಕವನ್ನೂ ಲೆಕ್ಕ ಹಾಕಬೇಕು. ದೆಹಲಿ ಮತ್ತು ಸುತ್ತಲಿನ ಎನ್‌ಸಿಆರ್ ಪ್ರದೇಶದಲ್ಲಿ ಹಳೆಯ ವಾಹನಗಳ ಮೇಲೆ ಪ್ರತ್ಯೇಕ ನಿರ್ಬಂಧಗಳಿರುವುದರಿಂದ ಅಲ್ಲಿನವರು ಸದ್ಯದ ನಿಯಮವನ್ನು ತಿಳಿದುಕೊಂಡೇ ಮುಂದುವರಿಯಬೇಕು. ಇನ್ನು ವಿಮೆ: ಸವೆತ ಮತ್ತು ಯಾಂತ್ರಿಕ ವೈಫಲ್ಯಕ್ಕೆ ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಪರಿಹಾರ ಸಿಗುವುದಿಲ್ಲ.

ಜಾಗ ಮತ್ತು ಸಲಕರಣೆ

ಸಮತಟ್ಟಾದ, ಗಟ್ಟಿ ಕಾಂಕ್ರೀಟ್ ನೆಲ ಬೇಕೇ ಬೇಕು. ಮಣ್ಣು, ಇಳಿಜಾರು, ಬಿಸಿಲಿಗೆ ಮೆತ್ತಗಾಗುವ ಡಾಂಬರು ನಡೆಯುವುದಿಲ್ಲ. ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಎರಡು ದಿನ ಕಾರು ಎತ್ತಿಟ್ಟರೆ ಸೊಸೈಟಿಯ ತಕರಾರು ಬರಬಹುದು. ಮಕ್ಕಳು ಓಡಾಡುವ ಜಾಗವಾದರೆ ಅದು ನ್ಯಾಯವೂ ಹೌದು. ಮೇಲೆ ಕೆಳಗೆ ಕಾರು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್‌ನಲ್ಲಿ ಈ ಕೆಲಸದ ಯೋಚನೆಯೇ ಬೇಡ. ಜಾಗ ಇಲ್ಲದವರು ಬದಲಿ ಗೇರ್‌ಬಾಕ್ಸನ್ನು ತಾವೇ ಆರಿಸಿ ತಂದು, ಇಳಿಸಿ ಕೂರಿಸುವ ಕೂಲಿಯನ್ನಷ್ಟೇ ಗ್ಯಾರೇಜಿಗೆ ಕೊಡುವುದು ಜಾಣತನ.

ಬೇಕಾಗುವ ಸಾಮಾನು: ಟ್ರಾಲಿ ಜಾಕ್, ಕಾರಿನ ತೂಕಕ್ಕೆ ತಕ್ಕ ಎರಡು ಆಕ್ಸಲ್ ಸ್ಟ್ಯಾಂಡ್, ಗೇರ್‌ಬಾಕ್ಸ್ ಹೊರಲು ಇನ್ನೊಂದು ಜಾಕ್, ಎಂಜಿನ್ ಹಿಡಿದಿಡಲು ಅಡ್ಡ ಕಂಬಿ ಅಥವಾ ಆಸರೆ, ಸಾಕೆಟ್ ಸೆಟ್, ಉದ್ದ ಹಿಡಿಯ ಪಾನಾ, ಟಾರ್ಕ್ ರೆಂಚ್, ಮೀಟುಗೋಲು, ಕ್ಲಚ್ ಪ್ಲೇಟ್ ನಡುವಿಗೆ ತರುವ ಅಲೈನ್‌ಮೆಂಟ್ ಟೂಲ್, ಆಯಿಲ್ ಹಿಡಿಯುವ ಟ್ರೇ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಆ ಮಾದರಿಯ ವರ್ಕ್‌ಶಾಪ್ ಕೈಪಿಡಿ ಇದ್ದರೆ ಅರ್ಧ ಕೆಲಸ ಹಗುರ.

ಡಿಕ್ಕಿಯಲ್ಲಿರುವ ಸ್ಕ್ರೂ ಜಾಕ್ ಪಂಕ್ಚರ್ ಆದಾಗ ಚಕ್ರ ಬದಲಿಸಲು ಮಾತ್ರ. ಹೈಡ್ರಾಲಿಕ್ ಜಾಕ್ ಕೂಡ ಎತ್ತಲಿಕ್ಕಷ್ಟೇ. ಸೀಲ್ ಸೋರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಇಳಿಯುತ್ತದೆ. ಎತ್ತಿದ ಕಾರು ಸ್ಟ್ಯಾಂಡ್ ಮೇಲೆ ಕೂತ ಬಳಿಕವೇ ಕೆಳಗೆ ಹೋಗಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್‌ಗಳನ್ನು ಆಸರೆಗೆ ಇಡಲೇಬಾರದು. ಅವು ಬಾಗುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಸ್ಟ್ಯಾಂಡ್ ಮೇಲೆ ಕೂರಿಸಿದ ನಂತರ ಕಾರನ್ನು ಕೈಯಿಂದ ಬಲವಾಗಿ ಅಲ್ಲಾಡಿಸಿ ನೋಡಬೇಕು. ಬೀಳುವುದಿದ್ದರೆ ಯಾರೂ ಕೆಳಗಿಲ್ಲದಾಗಲೇ ಬೀಳಲಿ. ಒಬ್ಬರೇ ಇರುವಾಗ ಈ ಕೆಲಸಕ್ಕೆ ಇಳಿಯುವುದು ಬೇಡ.

ಇಳಿಸುವ ಕ್ರಮ

1. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಡಬೇಕು. ಮುಂದಿನ ಚಕ್ರಗಳ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಡ್ರೈವ್ ಶಾಫ್ಟ್ ಪೂರ್ತಿ ಹೊರತೆಗೆಯುವುದಾದರೆ ಹಬ್‌ನ ದೊಡ್ಡ ನಟ್ ಕೂಡ.

2. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು. ನಂತರ ಬ್ಯಾಟರಿ, ಅದರ ಟ್ರೇ, ಏರ್ ಫಿಲ್ಟರ್ ಡಬ್ಬಿ ತೆಗೆದರೆ ಗೇರ್‌ಬಾಕ್ಸ್ ಮೇಲ್ಭಾಗ ಕಾಣುತ್ತದೆ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಗೊಂದಲವಿರುವುದಿಲ್ಲ.

3. ಕ್ಲಚ್ ಕೇಬಲ್, ಗೇರ್ ರಾಡ್ ಅಥವಾ ಕೇಬಲ್‌ಗಳು, ಸ್ಪೀಡೊಮೀಟರ್ ಸಂಪರ್ಕ, ರಿವರ್ಸ್ ಲೈಟ್ ವೈರ್, ಗೇರ್‌ಬಾಕ್ಸಿಗೆ ಬಿಗಿದ ಅರ್ಥ್ ತಂತಿ ಬಿಚ್ಚಬೇಕು. ಸ್ಟಾರ್ಟರ್ ಮೋಟಾರ್ ಹೊರತೆಗೆಯಬೇಕು.

4. ಕಾರಿನ ಮುಂಭಾಗವನ್ನು ಎತ್ತಿ, ಕೈಪಿಡಿ ತೋರಿಸಿದ ಜಾಗದಲ್ಲಿ ಸ್ಟ್ಯಾಂಡ್ ಇಟ್ಟು, ಚಕ್ರ ಕಳಚಬೇಕು. ಗೇರ್‌ಬಾಕ್ಸ್ ಜಾಕ್ ಸಮೇತ ಕೆಳಗಿನಿಂದ ಹೊರಬರುವಷ್ಟು ಎತ್ತರ ಇರಬೇಕು ಎಂಬುದನ್ನು ಈಗಲೇ ಅಳೆದು ನೋಡಬೇಕು. ಹಲವರಿಗೆ ಇದು ಹೊಳೆಯುವುದು ಗೇರ್‌ಬಾಕ್ಸ್ ಕೆಳಗಿಳಿದ ಮೇಲೆ.

5. ಆಯಿಲ್ ಇಳಿಸುವಾಗ ತುಂಬುವ ಪ್ಲಗ್ಗನ್ನು ಮೊದಲು ಸಡಿಲಿಸಿ, ನಂತರ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಬೇಕು. ಮೇಲಿನದು ಜಾಮ್ ಆಗಿರುವುದು ಆಯಿಲ್ ಖಾಲಿಯಾದ ಮೇಲೆ ತಿಳಿದರೆ, ಬೇರೆ ಗೇರ್‌ಬಾಕ್ಸ್ ಬರುವವರೆಗೆ ಕಾರು ಅಲ್ಲಿಂದ ಕದಲುವುದಿಲ್ಲ.

6. ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಕ್ಕೆ ಸರಿಸಿ, ಡ್ರೈವ್ ಶಾಫ್ಟಿನ ಒಳತುದಿಯನ್ನು ಮೀಟುಗೋಲಿನಿಂದ ಗೇರ್‌ಬಾಕ್ಸಿನಿಂದ ಬಿಡಿಸಬೇಕು. ಶಾಫ್ಟನ್ನು ಹಿಡಿದು ಜಗ್ಗಿದರೆ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಬ್ರೇಕ್ ಹೋಸ್ ಮೇಲೆ ಭಾರ ಬೀಳಬಾರದು.

7. ಗೇರ್‌ಬಾಕ್ಸ್ ಮೌಂಟಿಂಗ್ ಬಿಚ್ಚಿದೊಡನೆ ಎಂಜಿನ್ ಒಂದು ಬದಿಗೆ ವಾಲುತ್ತದೆ. ಅದಕ್ಕೂ ಮುಂಚೆ ಎಂಜಿನನ್ನು ಮೇಲಿನಿಂದ ಅಡ್ಡ ಕಂಬಿಗೆ ಕಟ್ಟಬೇಕು, ಇಲ್ಲವೇ ಕೆಳಗೆ ಅಗಲದ ಮರದ ಹಲಗೆ ಇಟ್ಟು ಜಾಕ್‌ನ ಆಸರೆ ಕೊಡಬೇಕು. ಹಲಗೆ ಇಲ್ಲದಿದ್ದರೆ ಆಯಿಲ್ ಪ್ಯಾನ್ ನುಗ್ಗಾಗುತ್ತದೆ.

8. ಎರಡನೆಯ ಜಾಕನ್ನು ಗೇರ್‌ಬಾಕ್ಸ್ ಕೆಳಗೆ ಇಟ್ಟು ಬೆಲ್ಟ್‌ನಿಂದ ಬಿಗಿಯಬೇಕು. ಸಣ್ಣ ಕಾರಿನದೂ ಅರ್ಧ ಚೀಲ ಸಿಮೆಂಟಿನಷ್ಟು ಭಾರವಿರುತ್ತದೆ. ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ಎಂಜಿನ್‌ಗೆ ಜೋಡಿಸಿದ ಬೋಲ್ಟ್‌ಗಳು ಬೇರೆ ಬೇರೆ ಉದ್ದದವು. ರಟ್ಟಿನ ಮೇಲೆ ಚಿತ್ರ ಬರೆದು ಅದೇ ಜಾಗದಲ್ಲಿ ಚುಚ್ಚಿಟ್ಟರೆ ಅದಲುಬದಲಾಗುವುದಿಲ್ಲ.

9. ಗೇರ್‌ಬಾಕ್ಸನ್ನು ಎಂಜಿನ್‌ನಿಂದ ನೇರವಾಗಿ ಪಕ್ಕಕ್ಕೆ ಸರಿಸಬೇಕು. ಇನ್‌ಪುಟ್ ಶಾಫ್ಟ್ ಕ್ಲಚ್ಚಿನಿಂದ ಪೂರ್ತಿ ಹೊರಬಂದ ಮೇಲೆಯೇ ಕೆಳಗಿಳಿಸಬೇಕು. ಅರ್ಧದಲ್ಲಿ ತೂಗುಬಿಟ್ಟರೆ ಕ್ಲಚ್ ಪ್ಲೇಟ್ ಬಾಗುತ್ತದೆ.

ಇಳಿಸಿದಾಗಲೇ ಮುಗಿಸಬೇಕಾದ ಕೆಲಸ

ಈ ಕೆಲಸದಲ್ಲಿ ಶ್ರಮ ಹೆಚ್ಚಾಗುವುದು ಇಳಿಸಿ ಏರಿಸುವುದಕ್ಕೇ. ಆದ್ದರಿಂದ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಈಗಲೇ ಬದಲಿಸುವುದು ಲಾಭ. ಆರು ತಿಂಗಳ ನಂತರ ಕ್ಲಚ್ ಸವೆದರೆ ಇಷ್ಟೂ ಕೆಲಸ ಮತ್ತೆ ಮಾಡಬೇಕು. ಫ್ಲೈವೀಲ್ ಮೇಲೆ ನೀಲಿ ಕಲೆ, ಆಳದ ಗೆರೆ, ಬಿರುಕು ಇವೆಯೇ ನೋಡಬೇಕು. ಎಂಜಿನ್ ಕಡೆಯಿಂದ ಆಯಿಲ್ ಜಿನುಗಿದ್ದರೆ ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲ್ ಬದಲಿಸಬೇಕು. ಡ್ರೈವ್ ಶಾಫ್ಟ್ ಸೀಲ್‌ಗಳು ಮತ್ತು ಶಾಫ್ಟ್ ತುದಿಯ ಲಾಕ್ ರಿಂಗ್‌ಗಳು ಅಗ್ಗ. ಹೊಸವನ್ನೇ ಹಾಕಬೇಕು.

ಕ್ಲಚ್ ಪ್ಲೇಟ್‌ಗೆ ಫ್ಲೈವೀಲ್ ಕಡೆ, ಗೇರ್‌ಬಾಕ್ಸ್ ಕಡೆ ಎಂಬ ಎರಡು ಮುಖಗಳಿವೆ. ತಿರುಗುಮುರುಗಾದರೆ ಕ್ಲಚ್ ಬಿಡುವುದೇ ಇಲ್ಲ. ಅಲೈನ್‌ಮೆಂಟ್ ಟೂಲ್‌ನಿಂದ ಪ್ಲೇಟನ್ನು ಸರಿಯಾಗಿ ನಡುವಿಗೆ ತಂದು, ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹಳೆಯ ಕ್ಲಚ್‌ನ ಧೂಳನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅದು ಶ್ವಾಸಕೋಶಕ್ಕೆ ಹಾನಿಕರ.

ಕೂರಿಸುವಾಗ

ಜೋಡಿಸುವುದು ಬಿಚ್ಚಿದ್ದರ ಹಿಮ್ಮುಖ ಕ್ರಮವೇ. ಆದರೆ ಹೆಚ್ಚಿನವರು ಸೋಲುವುದು ಇಲ್ಲಿ ಒಂದೇ ಕಡೆ: ಗೇರ್‌ಬಾಕ್ಸ್ ಕೊನೆಯ ಒಂದೆರಡು ಸೆಂಟಿಮೀಟರ್ ಒಳಗೆ ಹೋಗುವುದಿಲ್ಲ. ಆಗ ಬೋಲ್ಟ್ ಬಿಗಿದು ಎಳೆದುಕೊಳ್ಳಲು ಹೋದರೆ ಅಲ್ಯೂಮಿನಿಯಂ ಕಿವಿ ಮುರಿಯುತ್ತದೆ ಅಥವಾ ಕ್ಲಚ್ ಪ್ಲೇಟಿನ ನಡುಭಾಗ ಹಾಳಾಗುತ್ತದೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಕೋನದಲ್ಲಿವೆಯೇ ಎಂದು ನೋಡಿ, ಜೊತೆಗಾರ ಕ್ರ್ಯಾಂಕ್ ಪುಲ್ಲಿಯನ್ನು ಪಾನಾದಿಂದ ನಿಧಾನ ತಿರುಗಿಸುತ್ತಿದ್ದರೆ ಹಲ್ಲುಗಳು ಹೊಂದಿಕೊಂಡು ಗೇರ್‌ಬಾಕ್ಸ್ ತಾನಾಗಿ ಕೂರುತ್ತದೆ. ಎರಡೂ ಮುಖಗಳು ಕೈಯ ಒತ್ತಡಕ್ಕೇ ಕೂಡಿದ ಮೇಲೆ ಬೋಲ್ಟ್ ಹಾಕಬೇಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಹೆಚ್ಚಾದರೆ ಅದು ಹಾರಿ ಕ್ಲಚ್ ಪ್ಲೇಟ್ ಮೇಲೆ ಬೀಳುತ್ತದೆ.

ಬಾಲ್ ಜಾಯಿಂಟ್, ಹಬ್ ನಟ್, ಚಕ್ರದ ನಟ್ ಮೂರೂ ಪ್ರಾಣಕ್ಕೆ ಸಂಬಂಧಿಸಿದವು. ಅವುಗಳನ್ನು ಕೈಪಿಡಿಯ ಅಳತೆಯಂತೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಹಬ್ ನಟ್ ಹೊಸದಿರಲಿ.

ಗೇರ್ ಆಯಿಲನ್ನು ಕಾರು ಸಮತಟ್ಟಾಗಿರುವಾಗ ತುಂಬುವ ಕಿಂಡಿಯ ಅಂಚಿನವರೆಗೆ ಹಾಕಬೇಕು. ಸಣ್ಣ ಕಾರುಗಳಿಗೆ ಸುಮಾರು 2 ಲೀಟರ್ ಹಿಡಿಯುತ್ತದೆ. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಅಂಗಡಿಯವನು ಇನ್ನೂ ಒಳ್ಳೆಯದೆಂದು ಜಿಎಲ್-5 ಕೊಟ್ಟರೂ ಬೇಡ. ಡಿಫರೆನ್ಷಿಯಲ್‌ಗೆಂದು ಮಾಡಿದ ಆ ಆಯಿಲ್‌ನಲ್ಲಿರುವ ಹೆಚ್ಚಿನ ಗಂಧಕದ ಅಂಶ ಹಿತ್ತಾಳೆಯ ಸಿಂಕ್ರೊನೈಸರ್‌ಗಳಿಗೆ ಒಗ್ಗದೇ ಹೋಗಬಹುದು. ಹಳೆಯ ಆಯಿಲನ್ನು ಚರಂಡಿಗೆ ಸುರಿಯಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರ್‌ಗೆ ಕೊಡಬೇಕು.

ರಸ್ತೆಗೆ ಇಳಿಸುವ ಮುನ್ನ

ಕ್ಲಚ್ ಪೆಡಲ್‌ನ ಆಟವನ್ನು ಹೊಂದಿಸಿ, ಎಂಜಿನ್ ಆಫ್ ಇರುವಾಗ ಎಲ್ಲ ಗೇರ್‌ಗಳೂ ಬೀಳುತ್ತವೆಯೇ ನೋಡಬೇಕು. ನಂತರ ಕಾರನ್ನು ನೆಲಕ್ಕಿಳಿಸಿ, ಎಂಜಿನ್ ಆನ್ ಮಾಡಿ ನ್ಯೂಟ್ರಲ್‌ನಲ್ಲಿ ಸದ್ದು ಆಲಿಸಬೇಕು. ಮೊದಲ ಓಟ ಖಾಲಿ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ಇರಲಿ. ಮೊದಲು ಬ್ರೇಕ್, ಆಮೇಲೆ ಒಂದೊಂದೇ ಗೇರ್, ಕೊನೆಗೆ ರಿವರ್ಸ್ ಪರೀಕ್ಷಿಸಬೇಕು. ರಿವರ್ಸ್ ಲೈಟ್ ಉರಿಯುತ್ತಿದೆಯೇ ಎಂಬುದನ್ನೂ ಮರೆಯಬಾರದು.

ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಟ್ಟರೆ ಎಲ್ಲಾದರೂ ಸೋರುತ್ತಿದ್ದರೆ ಬೆಳಿಗ್ಗೆ ತಿಳಿಯುತ್ತದೆ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ ಮತ್ತು ಮೌಂಟಿಂಗ್ ಬೋಲ್ಟ್‌ಗಳ ಬಿಗಿ ಇನ್ನೊಮ್ಮೆ ನೋಡಬೇಕು. ಹೊಸ ಕ್ಲಚ್ ಹೊಂದಿಕೊಳ್ಳುವವರೆಗೆ ಕೆಲವು ದಿನ ಜೋರಾಗಿ ಎಳೆಯುವುದು, ಘಾಟಿಯಲ್ಲಿ ಭಾರ ಹೇರಿ ಓಡಿಸುವುದು ಬೇಡ. ಮುಂಬೈ, ಪುಣೆಯಿಂದ ಊರಿಗೆ ಹೊರಡುವ ಯೋಚನೆಯಿದ್ದರೆ ಅದಕ್ಕೂ ಮುನ್ನ ಎರಡು ವಾರ ನಗರದೊಳಗೆ ಓಡಿಸಿ ನೋಡುವುದು ಒಳಿತು.

ಗೇರ್‌ಬಾಕ್ಸಿನ ಬಿಲ್, ಹಾಕಿದ ಆಯಿಲ್‌ನ ಗ್ರೇಡ್, ಕೆಲಸ ಮಾಡಿದ ದಿನಾಂಕ ಮತ್ತು ಮೀಟರ್‌ನಲ್ಲಿದ್ದ ಕಿಲೋಮೀಟರ್ ಬರೆದು ಸರ್ವಿಸ್ ಪುಸ್ತಕದಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಸೀಲ್ ಸೋರಿದಾಗ ಅಥವಾ ಕಾರು ಮಾರುವಾಗ ಈ ಚೀಟಿ ಕೆಲಸಕ್ಕೆ ಬರುತ್ತದೆ.